ಅಡ್ಡಿಯಿಲ್ಲ ಎನ್ನದ ಭಾವ

ನಮ್ಮೂರಿನಲ್ಲಿ ಹೇಗಿದ್ದೀಯ ಎಂಬ ಪ್ರಶ್ನೆಗೆ ಒಂದೇ ಉತ್ತರ. ಅಡ್ಡಿಯಿಲ್ಲ. ಉತ್ತರ ಡಕೋಟಾದ ಈ ಮೂಲೆಗೆ ನಾರ್ವೆಯಿಂದ ಬಂದಿಳಿದ ನಮ್ಮ ಹಿರಿಯರು ಬೇರೆಲ್ಲ ಸಾಮಾನನ್ನು ಹಡಗಿನಲ್ಲೇ ಬಿಟ್ಟು ಈ ಒಂದು ಮಾತನ್ನು ಮಾತ್ರ ಗಂಟುಕಟ್ಟಿಕೊಂಡು ಬಂದರೆಂದು ಕಾಣುತ್ತದೆ. ಕೊಟ್ಟಿಗೆ ಸುಟ್ಟುಹೋದರೂ ಅಡ್ಡಿಯಿಲ್ಲ, ಲಾಟರಿ ಹೊಡೆದರೂ ಅಡ್ಡಿಯಿಲ್ಲ. ನಮ್ಮಪ್ಪ ಒಮ್ಮೆ ಟ್ರ್ಯಾಕ್ಟರಿನಡಿ ಕಾಲು ಸಿಕ್ಕಿಸಿಕೊಂಡು ಹೊಲದಲ್ಲಿ ಬಿದ್ದಿದ್ದಾಗ ಪಕ್ಕದ ಹೊಲದವನು ಬೇಲಿಯಾಚೆಯಿಂದ ಹೇಗಿದ್ದೀಯ ಎಂದು ಕೇಳಿದನಂತೆ. ಅಪ್ಪ ಅಡ್ಡಿಯಿಲ್ಲ ಎಂದನಂತೆ. ಅವನು ಸರಿ ಎಂದು ಹೊರಟುಹೋದನಂತೆ. ಇದರಲ್ಲಿ ಯಾರದೂ ತಪ್ಪಿಲ್ಲವೆಂದು ಅಪ್ಪ ಕೊನೆಯವರೆಗೂ ಹೇಳುತ್ತಿದ್ದ.

ಹೊಗಳುವುದಕ್ಕೂ ಅದೇ ಮಾತು. ನನ್ನ ಅಕ್ಕ ಮಾರ್ಲಿಸ್ ಮದುವೆಯ ದಿನ ಬಿಳಿ ಉಡುಪಿನಲ್ಲಿ ಬಂದು ನಿಂತಾಗ ಎಲ್ಡನ್ ಭಾವ ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಗಂಟಲು ಸರಿಮಾಡಿಕೊಂಡು, ಅಡ್ಡಿಯಿಲ್ಲ ಎಂದಿದ್ದ. ಅಕ್ಕ ನಲವತ್ತಮೂರು ವರ್ಷದಿಂದ ಆ ಮಾತನ್ನು ಎದೆಯಲ್ಲಿಟ್ಟುಕೊಂಡಿದ್ದಾಳೆ.

ಇಂಥ ಊರಿನಲ್ಲಿ ಕಳೆದ ಚಳಿಗಾಲ ಎಲ್ಡನ್ ಭಾವ ಒಂದು ದಿನ ನಿಜ ಹೇಳಿಬಿಟ್ಟ. ಮುಂದೆ ಆದದ್ದಕ್ಕೆಲ್ಲ ನಾನೇ ಸಾಕ್ಷಿ. ಊರಿಗೆ ಇರುವುದೊಂದೇ ಕ್ಷೌರದಂಗಡಿ, ಅದು ನನ್ನದು. ಕಣ್ಣಿಗೆ ಬೀಳದ್ದೆಲ್ಲ ಅಲ್ಲಿ ಕಿವಿಗೆ ಬೀಳುತ್ತದೆ.

ಎಲ್ಲಕ್ಕೂ ಮೂಲ ಒಂದು ಮೀನು. ಇಪ್ಪತ್ತೊಂಬತ್ತೂವರೆ ಅಂಗುಲದ್ದು. ಧಾನ್ಯದ ಉಗ್ರಾಣದಲ್ಲಿ ದುಡಿದು ನಿವೃತ್ತನಾದ ಭಾವನಿಗೂ, ಶಾಲೆಯ ಬಸ್ಸು ಓಡಿಸಿ ನಿವೃತ್ತನಾದ ಡೆಲ್ಮರ್‌ಗೂ ಹೆಪ್ಪುಗಟ್ಟಿದ ಕೆರೆಯ ಮೇಲೆ ಒಂದು ಹಲಗೆಯ ಗುಡಿಸಲಿದೆ. ಒಳಗೆ ಮಂಜುಗಡ್ಡೆಯಲ್ಲಿ ಕೊರೆದ ಎರಡು ತೂತು, ಕೂರಲು ಬೋರಲು ಹಾಕಿದ ಎರಡು ಬಕೆಟ್, ಮೂಲೆಯಲ್ಲೊಂದು ಪುಟ್ಟ ಒಲೆ. ಮೂವತ್ತೊಂದು ಚಳಿಗಾಲ ಇಬ್ಬರೂ ಅಲ್ಲಿ ಗಾಳ ಬಿಟ್ಟುಕೊಂಡು ಕೂತಿದ್ದಾರೆ. ಅಷ್ಟು ವರ್ಷದಲ್ಲಿ ಆಡಿದ ಮಾತನ್ನೆಲ್ಲ ಒಂದು ಪೋಸ್ಟ್‌ಕಾರ್ಡಿನಲ್ಲಿ ಬರೆದರೂ ವಿಳಾಸಕ್ಕೆ ಜಾಗ ಉಳಿಯುತ್ತದೆ.

ಜನವರಿಯ ಮೊದಲ ವಾರ ಭಾವನ ಗಾಳಕ್ಕೆ ಆ ಮೀನು ಬಿತ್ತು. ಕ್ರಿಸ್‌ಮಸ್‌ಗೆ ಬಂದಿದ್ದ ಹೊಸ ಫೋನು ಜೇಬಿನಲ್ಲಿತ್ತು. ಡೆಲ್ಮರ್ ಫೋಟೋ ಹೊಡೆದ. ಅದರಲ್ಲಿ ಭಾವನ ಟೋಪಿ ಇದೆ, ಮೀನಿನ ಹೊಟ್ಟೆ ಇದೆ. ಮೀನಿಗೆ ತಲೆಯೂ ಇಲ್ಲ, ಬಾಲವೂ ಇಲ್ಲ. ಆದರೂ ಭಾವನಿಗೆ ಅದು ಊರಿಗೆ ತೋರಿಸತಕ್ಕ ಚಿತ್ರವೆನಿಸಿತು.

ತೋರಿಸಲು ಜಾಗವೂ ಇತ್ತು. ಹಾರ್ಡ್‌ವೇರ್ ಅಂಗಡಿಯ ಲವೋನ್ ಊರಿನವರಿಗಾಗಿ ಫೋನಿನಲ್ಲಿ ಒಂದು ಪುಟ ಮಾಡಿದ್ದಳು. ಮೊಳೆ ಕೊಳ್ಳಲು ಬಂದವರ ಫೋನು ಇಸಿದುಕೊಂಡು ಅವರನ್ನು ಅದಕ್ಕೆ ಸೇರಿಸಿಯೇ ಮೊಳೆ ಕೊಡುತ್ತಿದ್ದಳು. ಅದರಲ್ಲಿ ಏನು ಹಾಕಿದರೂ ಕೆಳಗೆ ಜನ ಹೆಬ್ಬೆಟ್ಟು ಒತ್ತುತ್ತಾರೆ. ಹಿಂದೆಲ್ಲ ಓದು ಬಾರದವರು ಹೆಬ್ಬೆಟ್ಟು ಒತ್ತುತ್ತಿದ್ದರು. ಈಗ ಓದು ಬಂದವರೂ ಓದದೆ ಒತ್ತುತ್ತಾರೆ.

ಭಾವನ ಮೀನಿಗೆ ಮರುದಿನದ ಹೊತ್ತಿಗೆ ಹನ್ನೊಂದು ಹೆಬ್ಬೆಟ್ಟು ಬಿದ್ದವು. ಹನ್ನೊಂದು ಅಡ್ಡಿಯಿಲ್ಲದ ಸಂಖ್ಯೆ. ಆದರೆ ಅದೇ ಸಂಜೆ ಲವೋನ್ ಇನ್ನೊಂದು ಫೋಟೋ ಹಾಕಿದ್ದಳು: ಚರ್ಚಿನ ಮುಂದೆ ಹಿಮದಲ್ಲಿ ಬಿದ್ದಿದ್ದ ಒಂಟಿ ಕೈಗವಸು. ಕಂದು ಬಣ್ಣದ್ದು, ಹೆಬ್ಬೆರಳು ತೂತಾದದ್ದು. ಯಾರದ್ದಿದು ಎಂದು ಕೇಳಿದ್ದಳು. ಅದಕ್ಕೆ ನೂರ ನಲವತ್ತಮೂರು.

ಒಂದು ಕೈಗವಸಿನ ಮುಂದೆ ಸೋತ ಗಂಡಸಿನ ಸಂಕಟ ಅನುಭವಿಸಿದವರಿಗೇ ಗೊತ್ತು. ಭಾವ ಎರಡು ಪಟ್ಟಿಯನ್ನೂ ಹೆಸರುಹೆಸರಾಗಿ ಓದಿದ. ಮೀನಿನ ಪಟ್ಟಿಯಲ್ಲಿ ಡೆಲ್ಮರ್ ಇರಲಿಲ್ಲ. ಕೈಗವಸಿನ ಪಟ್ಟಿಯಲ್ಲಿ ಇದ್ದ. ಭಾವ ಕನ್ನಡಕ ಒರೆಸಿಕೊಂಡು ಮತ್ತೆ ಓದಿದ. ಡೆಲ್ಮರ್ ಇದ್ದೇ ಇದ್ದ.

ಮರುದಿನದಿಂದ ಭಾವ ಕೆರೆಗೆ ಹೋಗುವುದು ಬಿಟ್ಟ. ಸೊಂಟ ಹಿಡಿದಿದೆ ಎಂದು ಅಕ್ಕನಿಗೆ ಹೇಳಿದ. ಸೊಂಟ ಹಿಡಿದವನು ಇಡೀ ದಿನ ಕುರ್ಚಿಯಲ್ಲಿ ಬಗ್ಗಿ ಕೂತು ಫೋನು ನೋಡುತ್ತಿದ್ದ. ಮೀನನ್ನು ತೆಗೆದು ಮತ್ತೆ ಹಾಕಿದ. ಈ ಸಲ ಒಂಬತ್ತು. ಊಟದ ತಟ್ಟೆಯ ಪಕ್ಕ ಚಮಚ ಇಡುವ ಕಡೆ ಫೋನು ಇಟ್ಟುಕೊಂಡ, ಚಮಚ ಎಲ್ಲಿ ಎಂದು ಅಕ್ಕನನ್ನು ಗದರಿಸಿದ. ನಿದ್ದೆ ಹೋಯಿತು. ಊರಿನವರೆಲ್ಲ ಸುಖವಾಗಿದ್ದಾರೆ, ನನ್ನದೊಂದೇ ಬಾಳು ಸಪ್ಪೆ ಎಂದು ನನ್ನಂಗಡಿಗೆ ಬಂದು ಕೂತ. ಬ್ಯಾಂಕಿನ ಗೇಲನ್ ಅರಿಜೋನಾದ ಈಜುಕೊಳದ ಪಕ್ಕ ಕಾಲು ಚಾಚಿ ಕೂತ ಫೋಟೋ ತೋರಿಸಿದ. ಗೇಲನ್ ಅಲ್ಲಿ ಹದಿನೈದು ದಿನವೂ ಅತ್ತೆಯ ಮನೆಯಲ್ಲಿ ಸೋಫಾದ ಮೇಲೆ ಮಲಗಿದ್ದನೆಂದೂ, ಅತ್ತೆಗೂ ಅವನಿಗೂ ಮಾತು ನಿಂತಿದೆಯೆಂದೂ ಇದೇ ಕುರ್ಚಿಯಲ್ಲಿ ಕೂತು ಅವನೇ ಹೇಳಿದ್ದ. ಅದನ್ನು ನಾನು ಹೇಳಿದರೂ ಭಾವ ನಂಬಲಿಲ್ಲ. ಅರವತ್ತು ವರ್ಷದಿಂದ ಬಲ್ಲ ಜನರನ್ನು ಬಿಟ್ಟು ಅವರ ಫೋಟೋಗಳನ್ನು ನಂಬುವ ಹಂತಕ್ಕೆ ಅವನು ಬಂದಿದ್ದ.

ಮೂರು ವಾರವಾದ ಮೇಲೆ ಅಕ್ಕ ಅವನನ್ನು ರಕ್ತದೊತ್ತಡ ನೋಡಿಸುವ ನೆಪದಲ್ಲಿ ಕ್ಲಿನಿಕ್ಕಿಗೆ ಕರೆದೊಯ್ದಳು. ಅಲ್ಲಿ ಒಂದು ಫಾರಂ ಕೊಟ್ಟರು. ಕಳೆದ ಎರಡು ವಾರದಲ್ಲಿ ಮನಸ್ಸಿಗೆ ಬೇಸರವಾಗಿತ್ತೇ? ನಾಲ್ಕು ಚೌಕ: ಇಲ್ಲವೇ ಇಲ್ಲ, ಕೆಲವು ದಿನ, ಅರ್ಧಕ್ಕಿಂತ ಹೆಚ್ಚು ದಿನ, ಹೆಚ್ಚುಕಡಿಮೆ ದಿನಾಲೂ. ಭಾವ ಕಾಗದವನ್ನು ತಿರುಗಿಸಿ ಹಿಂಬದಿಯೂ ನೋಡಿ, ಅಡ್ಡಿಯಿಲ್ಲ ಎಂಬ ಚೌಕ ಎಲ್ಲಿದೆ ಎಂದು ನರ್ಸನ್ನು ಕೇಳಿದ. ಇಲ್ಲವೆಂದಳು. ಹಾಗಾದರೆ ಇದು ನಮ್ಮೂರಿನ ಫಾರಂ ಅಲ್ಲವೆಂದು ಖಾಲಿಯೇ ಕೊಟ್ಟ.

ಡಾಕ್ಟರ್ ರೆಯೆಸ್ ಟೆಕ್ಸಸ್‌ನವರು, ಊರಿಗೆ ಬಂದು ಒಂಬತ್ತು ತಿಂಗಳು. ಅವರ ಕಡೆ ತಲೆನೋವು ಬಂದರೆ ಜನ ತಲೆನೋವು ಎಂದೇ ಹೇಳುತ್ತಾರಂತೆ. ಅಕ್ಕನನ್ನು ಹೊರಗೆ ಕೂರಿಸಿ, ಭಾವನ ಎದೆ, ನಾಲಗೆ, ಕಣ್ಣು ನೋಡಿ, ಮೀನಿನ ಕಥೆಯನ್ನೂ ಪೂರ್ತಿ ಕೇಳಿದರು.

"ಎಲ್ಡನ್ ಅವರೇ, ನಿಮ್ಮ ಮೈಗೆ ಏನೂ ಆಗಿಲ್ಲ. ಆ ಫೋನು ನಿಮ್ಮ ತಲೆ ತಿಂತಿದೆ," ಎಂದರು. "ಎರಡು ವಾರ ಅದನ್ನ ದೂರ ಇಡಿ. ಇನ್ನೊಂದು ವಿಷಯ. ಯಾರಾದ್ರೂ ಹೇಗಿದ್ದೀರಿ ಅಂತ ಕೇಳಿದ್ರೆ ದಯವಿಟ್ಟು ನಿಜ ಹೇಳಿ."

ಔಷಧಿ ಬರೆದುಕೊಟ್ಟರೆ ತಪ್ಪದೆ ನುಂಗುವ ಮನುಷ್ಯ ನಮ್ಮ ಭಾವ. ಇದನ್ನೂ ಹಾಗೇ ನುಂಗಿದ.

ಫೋನು ದೂರ ಇಡಬೇಕು, ಸರಿ. ಆದರೆ ಹೇಳದೆ ಕೇಳದೆ ಎದ್ದುಹೋಗುವುದು ನಮ್ಮಲ್ಲಿ ಮರ್ಯಾದೆಯಲ್ಲ. ನಮ್ಮೂರಿನಲ್ಲಿ ಯಾರ ಮನೆಯಿಂದಲಾದರೂ ಹೊರಡಬೇಕಾದರೆ ಮೊದಲು ತೊಡೆ ತಟ್ಟಿಕೊಂಡು "ಸರಿ ಹಾಗಾದ್ರೆ" ಎನ್ನಬೇಕು, ಆಮೇಲೆ ಬಾಗಿಲಲ್ಲಿ ಇಪ್ಪತ್ತು ನಿಮಿಷ, ಕಾರಿನ ಪಕ್ಕ ಇನ್ನಿಪ್ಪತ್ತು ನಿಮಿಷ ನಿಂತು ಹೊರಡಬೇಕು. ಹಾಗಾಗಿ ಭಾವ ಊರಿನ ಪುಟಕ್ಕೆ ಒಂದು ವಿದಾಯ ಬರೆಯಲು ಕೂತ. ಒಂದೇ ಬೆರಳಿನಲ್ಲಿ, ಒಂದೂವರೆ ಗಂಟೆ. ಅದರ ಜೊತೆಗೆ ನಿಜ ಹೇಳುವ ಔಷಧಿಯನ್ನೂ ಬೆರೆಸಿದ.

"ಡಾಕ್ಟರ್ ಹೇಳಿದ್ದರಿಂದ ನಾನು ಇನ್ನು ಇಲ್ಲಿ ಇರುವುದಿಲ್ಲ. ನಿಜ ಹೇಳಬೇಕೆಂದರೆ ನಾನು ಅಷ್ಟೇನೂ ಚೆನ್ನಾಗಿಲ್ಲ. ಇಷ್ಟು ದಿನ ಜೊತೆಗಿದ್ದದ್ದಕ್ಕೆ ಎಲ್ಲರಿಗೂ ವಂದನೆ. ಎಲ್ಡನ್."

ಇಷ್ಟು ಬರೆದು, ಫೋನು ಆರಿಸಿ, ಬ್ರೆಡ್ಡಿನ ಡಬ್ಬಿಯಲ್ಲಿಟ್ಟು, ಬಹಳ ದಿನದ ಮೇಲೆ ನೆಮ್ಮದಿಯಾಗಿ ಕಾಫಿ ಕುಡಿದ.

ಹಾರ್ಡ್‌ವೇರ್ ಅಂಗಡಿಯಲ್ಲಿ ಲವೋನ್ ಅದನ್ನು ಓದಿ ಸ್ಟೂಲಿನ ಮೇಲೆ ಕುಸಿದಳು. ಅಷ್ಟೇನೂ ಚೆನ್ನಾಗಿಲ್ಲ ಎಂಬ ಮಾತು ನಮ್ಮೂರಿನಲ್ಲಿ ಯಾರ ಬಾಯಿಂದಲೂ ಬಂದದ್ದಿಲ್ಲ. ಕಮ್ಮಾರ ವಿಲ್ಲರ್ಡ್‌ನನ್ನು ಒಂದು ಸೋಮವಾರ ಹೃದಯಾಘಾತವಾಗಿ ಆಂಬುಲೆನ್ಸಿಗೆ ಹಾಕುವಾಗ ಅವನು ಸ್ವಲ್ಪ ಸುಸ್ತು ಎಂದಿದ್ದ, ಗುರುವಾರ ಹೋಗಿಬಿಟ್ಟ. ಸ್ವಲ್ಪ ಸುಸ್ತಿಗೇ ಗುರುವಾರವಾದರೆ ಅಷ್ಟೇನೂ ಚೆನ್ನಾಗಿಲ್ಲಕ್ಕೆ ಎಷ್ಟು ದಿನ? ಅಂಗಡಿಯಲ್ಲಿದ್ದವರೆಲ್ಲ ಸೇರಿ ಲೆಕ್ಕ ಹಾಕಿ, ಭಾನುವಾರ ದಾಟುವುದು ಕಷ್ಟ ಎಂದು ತೀರ್ಮಾನಿಸಿದರು.

ಮಧ್ಯಾಹ್ನದ ಹೊತ್ತಿಗೆ ಹಾಟ್‌ಡಿಶ್‌ಗಳು ಬರತೊಡಗಿದವು. ಕೊಚ್ಚಿದ ಮಾಂಸ, ಡಬ್ಬಿಯ ಅಣಬೆ ಸೂಪು, ಮೇಲೊಂದು ಪದರ ಆಲೂಗಡ್ಡೆ. ನಮ್ಮಲ್ಲಿ ಕಷ್ಟದ ಮನೆಗೆ ಇದನ್ನು ಬೇಯಿಸಿ ಪಾತ್ರೆಸಮೇತ ಒಯ್ಯುತ್ತಾರೆ. ಕಷ್ಟದ ಅಳತೆಯೂ ಇದರಿಂದಲೇ. ಕಾಲು ಮುರಿದರೆ ಒಂದು, ಪಿತ್ತಕೋಶ ತೆಗೆದರೆ ಎರಡು, ಸಾವಿಗೆ ಏಳರಿಂದ ಮೇಲೆ. ಭಾವನ ಮನೆಗೆ ಸಂಜೆಯೊಳಗೆ ಹನ್ನೊಂದು ಬಂದಿದ್ದವು. ಅಕ್ಕ ಎಣಿಸಿ ಎಣಿಸಿ ಬಿಳಿಚಿಕೊಂಡಳು.

ಯಾರೂ ಏನೂ ಕೇಳಲಿಲ್ಲ. ಬಂದವರು ಹಿಮದ ಬಗ್ಗೆ ಮಾತಾಡಿದರು, ರಸ್ತೆಯ ಬಗ್ಗೆ ಮಾತಾಡಿದರು, ಕೊನೆಗೆ ಬಾಗಿಲಲ್ಲಿ ನಿಂತು ಭಾವನ ಕೈಯನ್ನು ಒಂದು ಕ್ಷಣ ಹೆಚ್ಚಾಗಿ ಹಿಡಿದುಕೊಂಡರು. ಪಾಸ್ಟರ್ ಬ್ರಿಟ್ ಬಂದು ನಿಮಗೆ ಯಾವ ಕೀರ್ತನೆ ಇಷ್ಟ ಎಂದು ಸುಮ್ಮನೆ ವಿಚಾರಿಸಿದರು. ಭಾವ ಚಿಕ್ಕದು ಯಾವುದಾದರೂ ಎಂದ. ಅವರು ಚೀಟಿಯಲ್ಲಿ ಬರೆದುಕೊಂಡರು.

ಮರುದಿನ ಶೆರಿಫ್ ಕಚೇರಿಯ ಟ್ರಾವಿಸ್ ಬಂದ. ಯಾರೋ ಫೋನು ಮಾಡಿ ಒಮ್ಮೆ ನೋಡಿಕೊಂಡು ಬಾ ಎಂದಿದ್ದರಂತೆ. ಹೇಗಿದ್ದೀರಿ ಎಂದು ಕೇಳಿದ. ಭಾವ ಡಾಕ್ಟರನ್ನು ನೆನೆದು ನಿಜ ಹೇಳಿದ. ಟ್ರಾವಿಸ್ ನಿಧಾನವಾಗಿ ಟೋಪಿ ತೆಗೆದ. ಅಷ್ಟೇನೂ ಚೆನ್ನಾಗಿಲ್ಲ ಎನ್ನುವವನಿಗೆ ಮುಂದೇನು ಹೇಳಬೇಕೆಂದು ಅವನಿಗೆ ಯಾವ ತರಬೇತಿಯಲ್ಲೂ ಕಲಿಸಿರಲಿಲ್ಲ. ಕೊನೆಗೆ, ಮನೆಮುಂದಿನ ಹಿಮ ತೆಗೆದುಕೊಡಲೇ ಎಂದು ಕೇಳಿ, ಸಮವಸ್ತ್ರದಲ್ಲೇ ಸಲಿಕೆ ಹಿಡಿದ. ಅರ್ಧ ಗಂಟೆಯಲ್ಲಿ ನನ್ನಂಗಡಿಗೆ ಸುದ್ದಿ ಬಂತು: ಎಲ್ಡನ್ ಮನೆಮುಂದೆ ಪೊಲೀಸರು ಅಗೆಯುತ್ತಿದ್ದಾರೆ.

ಅದರ ಹಿಂದೆಯೇ ಸ್ಮಶಾನ ಸಮಿತಿಯ ನಾರ್ವಲ್ ನನ್ನ ಕುರ್ಚಿಯಲ್ಲಿ ಬಂದು ಕೂತ. ಅವನ ತಲೆಯಲ್ಲಿ ಕತ್ತರಿಸುವಂಥದ್ದು ಏನೂ ಇಲ್ಲ. ಬಂದ ಕೆಲಸ ಬೇರೆ ಎಂದು ಗೊತ್ತಾಯಿತು. ಈ ಸಲ ನೆಲ ಐದಡಿ ಆಳದವರೆಗೆ ಹೆಪ್ಪುಗಟ್ಟಿದೆ, ಗುಂಡಿ ತೋಡುವ ಯಂತ್ರವೂ ಕೆಟ್ಟಿದೆ ಎಂದ. ಸ್ವಲ್ಪ ಹೊತ್ತು ಕನ್ನಡಿಯಲ್ಲಿ ನನ್ನನ್ನೇ ನೋಡಿದ.

"ನಿಮ್ಮ ಭಾವನಿಗೆ ಒತ್ತಾಯ ಏನಿಲ್ಲ," ಎಂದ. "ಏಪ್ರಿಲ್‌ವರೆಗೂ ತಡ್ಕೊಳ್ಳೋಕಾದ್ರೆ ನಮಗೂ ಅನುಕೂಲ."

ನಾನು ಅಂಗಡಿ ಮುಚ್ಚಿ ಅಕ್ಕನ ಮನೆಗೆ ಹೋದೆ. ಅಕ್ಕ ಉಗ್ರಾಣದ ಕೋಣೆಯಲ್ಲಿ ಹಿಟ್ಟಿನ ಚೀಲದ ಮೇಲೆ ಕೂತು ಅಳುತ್ತಿದ್ದಳು. ಅವಳು ಅತ್ತದ್ದನ್ನು ನಾನು ಅಪ್ಪ ಸತ್ತಾಗಲೂ ನೋಡಿರಲಿಲ್ಲ.

"ಡಾಕ್ಟ್ರು ಏನೋ ಹೇಳಿದಾರೆ ಕಣೋ, ಇವನು ನನ್ನ ಹತ್ರ ಮುಚ್ಚಿಡ್ತಿದಾನೆ," ಎಂದಳು. "ಕೇಳಿದ್ರೆ ಫೋನು ದೂರ ಇಡ್ಬೇಕಂತೆ ಅಂತಾನೆ. ಫೋನು ದೂರ ಇಡೋಕೆ ಯಾರಾದ್ರೂ ಹನ್ನೊಂದು ಹಾಟ್‌ಡಿಶ್ ತರ್ತಾರಾ? ನಾನಿದನ್ನ ಮಕ್ಕಳಿಗೆ ಹೇಗೆ ಹೇಳ್ಲಿ?"

ಭಾವ ಹೊರಗಿನ ಕೋಣೆಯಲ್ಲಿ ಆರಾಮಕುರ್ಚಿಯ ಮೇಲೆ, ಮೊಣಕಾಲಿಗೆ ಕಂಬಳಿ ಹೊದ್ದು ಕೂತಿದ್ದ. ಮುಖ ನೋಡಿದರೆ ಸಾಯುವವನ ಹಾಗಿರಲಿಲ್ಲ. ಲವೋನ್ ಬಂದು ಹೋಗಿದ್ದಳಂತೆ. ಅವನು ಬಗ್ಗಿ ನನ್ನ ಕಿವಿಯ ಹತ್ತಿರ, ಅವನ ವಿದಾಯಕ್ಕೆ ಮುನ್ನೂರ ಹನ್ನೆರಡು ಬಿದ್ದಿವೆ ಎಂದ. ಕೈಗವಸಿನ ಎರಡರಷ್ಟಕ್ಕೂ ಮೇಲೆ. ಪಕ್ಕದ ಕೌಂಟಿಯವರೂ ಒತ್ತಿದ್ದಾರಂತೆ.

ನನಗೆ ಸಿಟ್ಟು ನೆತ್ತಿಗೇರಿತು. "ಒಳಗೆ ಮಾರ್ಲಿಸ್ ಅಳ್ತಿದಾಳೆ. ನಾರ್ವಲ್ ಗುಂಡಿ ಅಳತೆ ಮಾಡ್ತಿದಾನೆ. ನಿನಗೆ ಲೆಕ್ಕದ ಚಿಂತೆಯಾ?"

ಭಾವನ ಮುಖ ಇಳಿದುಹೋಯಿತು. ಮಾರ್ಲಿಸ್ ಅಳುತ್ತಿರುವುದು ಅವನಿಗೆ ಗೊತ್ತಿರಲಿಲ್ಲ. ಎದ್ದು ಹೋಗಿ ಬಾಗಿಲಲ್ಲಿ ನಿಂತು, ತಾನು ಸಾಯುತ್ತಿಲ್ಲವೆಂದು ಅವಳಿಗೆ ಹೇಳಿದ. ಹಾಗಾದರೆ ಹೇಗಿದ್ದೀಯ ಎಂದು ಅವಳು ಕೇಳಿದಳು. ಭಾವ ಬಾಯಿ ತೆರೆದ, ಮುಚ್ಚಿದ. ಅಡ್ಡಿಯಿಲ್ಲ ಎಂದಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ಡಾಕ್ಟರ್ ನಿಜ ಹೇಳಲು ಹೇಳಿದ್ದರು, ಅದು ನಿಜವಾಗಿರಲಿಲ್ಲ. ಅವನು ಸುಮ್ಮನೆ ನಿಂತದ್ದನ್ನು ನೋಡಿ ಅಕ್ಕ ಮತ್ತೆ ಅಳತೊಡಗಿದಳು.

ಕುರ್ಚಿಗೆ ಹಿಂದಿರುಗಿ ಭಾವ ಬಹಳ ಹೊತ್ತು ಕಂಬಳಿಯ ಎಳೆ ಕೀಳುತ್ತಾ ಕೂತ. ಆಮೇಲೆ ನನ್ನ ಕಡೆ ನೋಡದೆ ಕೇಳಿದ.

"ಡೆಲ್ಮರ್ ಒತ್ತಿದಾನಾ, ಒಂಚೂರು ನೋಡ್ತೀಯಾ?"

ನಾನು ನನ್ನ ಫೋನು ತೆಗೆದು ಮುನ್ನೂರ ಹನ್ನೆರಡು ಹೆಸರನ್ನೂ ಓದಿದೆ. ಹಾಲಿನವನಿದ್ದ, ಹಲ್ಲಿನ ಡಾಕ್ಟರಿದ್ದ, ಭಾವನನ್ನು ಒಮ್ಮೆ ಕೋರ್ಟಿಗೆ ಎಳೆದಿದ್ದವನೂ ಇದ್ದ. ಡೆಲ್ಮರ್ ಇರಲಿಲ್ಲ.

"ಮನೆಗೂ ಬಂದಿಲ್ಲ," ಎಂದ ಭಾವ. "ಮೂವತ್ತೊಂದು ವರ್ಷ."

ಇವನಿಗೆ ನಿಜಕ್ಕೂ ಚೆನ್ನಾಗಿಲ್ಲ ಎಂದು ನನಗೆ ಆಗ ಹೊಳೆಯಿತು. ಇಡೀ ಊರು ನಂಬಿದ್ದ ಮಾತನ್ನು ಕೊನೆಗೆ ನಂಬಿದವನು ನಾನೇ. ಎದ್ದೇಳು ಎಂದೆ. ಅಕ್ಕ ಕಣ್ಣೊರೆಸಿಕೊಂಡು ಬಂದು ಅವನಿಗೆ ಎರಡು ಕೋಟು ತೊಡಿಸಿದಳು, ಡೆಲ್ಮರ್ ಒಂಟಿ ಮನುಷ್ಯ ಎಂದು ನನ್ನ ಕೈಗೊಂದು ಹಾಟ್‌ಡಿಶ್ ಕೊಟ್ಟಳು. ನಾನು ನನ್ನ ಟ್ರಕ್ಕನ್ನು ಕೆರೆಯ ಮೇಲೆ ಗುಡಿಸಲಿನವರೆಗೂ ಓಡಿಸಿಕೊಂಡು ಹೋದೆ.

ಡೆಲ್ಮರ್ ತನ್ನ ಬಕೆಟ್ಟಿನ ಮೇಲೆ ಕೂತಿದ್ದ. ಒಂದು ಕೈಗೆ ಕಂದು ಬಣ್ಣದ ಕೈಗವಸು, ಇನ್ನೊಂದು ಕೈಗೆ ಉಣ್ಣೆಯ ಕಾಲುಚೀಲ. ಭಾವ ತನ್ನ ಬಕೆಟ್ಟಿನ ಮೇಲೆ ಕೂತ. ನಾನು ಹಾಟ್‌ಡಿಶ್ ಹಿಡಿದುಕೊಂಡು ಗೋಡೆಗೆ ಒರಗಿದೆ. ಐದು ನಿಮಿಷ ಯಾರೂ ಮಾತಾಡಲಿಲ್ಲ.

"ಸಾಯ್ತಿದೀಯಂತೆ," ಎಂದ ಡೆಲ್ಮರ್.

"ಇಲ್ಲ."

"ಒಳ್ಳೇದಾಯ್ತು."

ಭಾವನ ಕಣ್ಣು ಆ ಕೈಗವಸಿನ ಮೇಲೇ ಇತ್ತು. ಕೊನೆಗೆ, ಇನ್ನೊಂದು ಎಲ್ಲಿ ಎಂದು ಕೇಳಿದ. ನಿನ್ನ ಫೋಟೋ ಹೊಡೆಯಲು ಬಿಚ್ಚಿದ್ದೆ, ಟ್ರಕ್ಕಿನ ಮೇಲಿಟ್ಟು ಮರೆತು ಹೊರಟೆ, ಚರ್ಚಿನ ಹತ್ತಿರ ಬಿದ್ದಿದೆ ಎಂದ ಡೆಲ್ಮರ್. ಲವೋನ್ ಯಾರದ್ದೆಂದು ಕೇಳಿದ್ದಳಲ್ಲ, ನನ್ನದು ಎಂದು ಆಗಲೇ ಹೆಬ್ಬೆಟ್ಟು ಒತ್ತಿದೆ, ಮೂರು ವಾರವಾದರೂ ತಂದುಕೊಟ್ಟಿಲ್ಲ ಎಂದ. ಇನ್ನೂ ನೂರ ನಲವತ್ತೆರಡು ಜನ ಅದು ತಮ್ಮದೆಂದು ಒತ್ತಿದ್ದಾರೆ, ಇಂಥ ಸುಳ್ಳುಗಾರ ಊರನ್ನು ನಾನು ಕಂಡಿಲ್ಲ ಎಂದೂ ಸೇರಿಸಿದ. ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದೆ.

ಭಾವ ಅವನತ್ತ ತಿರುಗಿದ. "ಮತ್ತೆ ಮೀನಿಗೆ ಯಾಕೆ ಒತ್ಲಿಲ್ಲ?"

ಡೆಲ್ಮರ್ ತಲೆಯೆತ್ತಿ ಅವನನ್ನು ನೋಡಿದ. ಇಂಥ ಪ್ರಶ್ನೆಯನ್ನು ಬುದ್ಧಿ ನೆಟ್ಟಗಿರುವವನು ಕೇಳುತ್ತಾನೆಯೇ ಎಂಬಂತಿತ್ತು ಮುಖ.

"ಮೀನು ನಿಂದಲ್ವಾ," ಎಂದ. "ನಾನ್ಯಾಕೆ ಒತ್ಲಿ?"

ನಾನು ನಗು ತಡೆಯಲು ಹಾಟ್‌ಡಿಶ್‌ನ ಮುಚ್ಚಳ ನೋಡತೊಡಗಿದೆ. ಭಾವ ನಗಲಿಲ್ಲ. ಮನೆಗಾದರೂ ಬರಬಹುದಿತ್ತು ಎಂದು ತಗ್ಗಿದ ದನಿಯಲ್ಲಿ ಹೇಳಿದ. ಡೆಲ್ಮರ್ ಕಾಲುಚೀಲದ ಕೈಯಿಂದ ಮೂಗು ಒರೆಸಿಕೊಂಡ.

"ನಂಗೆ ಹಾಟ್‌ಡಿಶ್ ಮಾಡಕ್ಕೆ ಬರಲ್ಲ. ಬರಿಗೈಲಿ ಹೇಗೆ ಬರ್ಲಿ?" ಎಂದ. "ಅಲ್ದೆ ಇಲ್ಲಿ ಕೆಲಸ ಇತ್ತು."

ಏನು ಕೆಲಸ ಎಂದು ಭಾವ ಕೇಳಲಿಲ್ಲ. ಅವನ ಕಣ್ಣು ಆಗಲೇ ಕೆಳಗೆ ಹೋಗಿತ್ತು. ಕೆರೆಯ ಮೇಲಿನ ಈ ಚಳಿಯಲ್ಲಿ ಒಂದು ದಿನ ಕೈಬಿಟ್ಟರೆ ಸಾಕು, ತೂತು ಮತ್ತೆ ಕಲ್ಲಾಗುತ್ತದೆ. ಭಾವ ಮೂರು ವಾರದಿಂದ ಇತ್ತ ತಲೆ ಹಾಕಿರಲಿಲ್ಲ. ಅವನ ಬಕೆಟ್ಟಿನ ಮುಂದಿನ ತೂತಿನಲ್ಲಿ ಕಪ್ಪು ನೀರು ತೆಳ್ಳಗೆ ಅಲುಗುತ್ತಿತ್ತು. ಅಂಚಿನ ಸುತ್ತ ದಿನದಿನವೂ ಕೆರೆದು ತೆಗೆದ ಮಂಜಿನ ಚೂರು ಮೊಳಕಾಲೆತ್ತರ ಗುಡ್ಡೆಯಾಗಿತ್ತು.

ಭಾವ ಅದನ್ನೇ ನೋಡುತ್ತಾ ಕೂತ. ಅವನ ಕನ್ನಡಕ ಮಂಜಾಯಿತು. ಒಲೆಯ ಕಾವಿಗೆ ಇರಬೇಕೆಂದು ನಾವಿಬ್ಬರೂ ಬೇರೆ ಕಡೆ ನೋಡಿದೆವು. ಸ್ವಲ್ಪ ಹೊತ್ತಾದ ಮೇಲೆ ಅವನು ಗಾಳ ಬಿಟ್ಟ.

"ಹೇಗಿತ್ತು ಅದು?"

"ಯಾವ್ದು?"

"ಮೀನು."

ಡೆಲ್ಮರ್ ಅವಸರ ಮಾಡಲಿಲ್ಲ. ಇಪ್ಪತ್ತೊಂಬತ್ತೂವರೆ ಅಂಗುಲವನ್ನೂ ಮನಸ್ಸಿನಲ್ಲಿ ತಲೆಯಿಂದ ಬಾಲದವರೆಗೆ ಅಳೆದಂತೆ ಕಂಡಿತು.

"ಅಡ್ಡಿಯಿಲ್ಲ," ಎಂದ.

ಹಾಟ್‌ಡಿಶ್ಶನ್ನು ಒಲೆಯ ಮೇಲಿಟ್ಟು ಮೂವರೂ ಪಾತ್ರೆಯಿಂದಲೇ ತಿಂದೆವು. ಸಂಜೆ ಮನೆ ತಲುಪಿದಾಗ ಅಕ್ಕ ಬಾಗಿಲಲ್ಲೇ ನಿಂತಿದ್ದಳು, ಅವಳು ಕೇಳುವ ಮೊದಲೇ ಭಾವ ನಮ್ಮೂರಿನ ಆ ಒಂದೇ ಉತ್ತರ ಕೊಟ್ಟ. ಅಕ್ಕ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಆಮೇಲೆ ಎದ್ದು ಒಳಗೆ ಹೋಗಿ, ಲವೋನ್‌ಗೆ ಫೋನು ಮಾಡಿ, ಡೆಲ್ಮರ್‌ನ ಕೈಗವಸು ಕೊಡದಿದ್ದರೆ ನಿನ್ನ ಹಾಟ್‌ಡಿಶ್ ಪಾತ್ರೆ ಹಿಂದಿರುಗುವುದಿಲ್ಲ ಎಂದಳು. ನಾರ್ವಲ್‌ಗೆ ಸುದ್ದಿ ಮುಟ್ಟಿಸಿದವನು ನಾನು. ಅವನು ಸಂತೋಷ ಎಂದ, ಆದರೆ ಯಂತ್ರ ಅಷ್ಟರಲ್ಲಿ ರಿಪೇರಿಯಾಗಿತ್ತಂತೆ.

ಎರಡು ವಾರದ ಮೇಲೆ ಡಾಕ್ಟರ್ ಹೇಳಿದ ದಿನಕ್ಕೆ ಸರಿಯಾಗಿ ಭಾವ ಕ್ಲಿನಿಕ್ಕಿಗೆ ಹೋದ. ಅದೇ ಫಾರಂ ಕೊಟ್ಟರು. ಈ ಸಲ ಖಾಲಿ ಕೊಡಲಿಲ್ಲ. ಜೇಬಿನಿಂದ ಪೆನ್ನು ತೆಗೆದು, ನಾಲ್ಕು ಚೌಕದ ಪಕ್ಕ ಐದನೆಯದೊಂದನ್ನು ನಿಧಾನವಾಗಿ ಗೆರೆ ಎಳೆದು ಬರೆದು, ಅದರ ಮೇಲೆ ಒಂದು ಮಾತು ಬರೆದು, ಒಳಗೆ ಗುರುತು ಹಾಕಿದ. ಡಾಕ್ಟರ್ ರೆಯೆಸ್ ಅದನ್ನು ನೋಡಿ ಗಾಬರಿಯಾದರು. ಬರೀ ಅಡ್ಡಿಯಿಲ್ಲ ಎಂದಷ್ಟೇ ಬರೆದಿದ್ದಾನೆ, ಇನ್ನೂ ಗುಣವಾಗಿಲ್ಲವೇನೋ ಎಂದು ಅಕ್ಕನನ್ನು ಒಳಗೆ ಕರೆಸಿ ಕಾಗದ ತೋರಿಸಿದರು.

ಅಕ್ಕ ಅದನ್ನು ಎರಡು ಸಲ ಓದಿದಳು. ಕಾಗದವನ್ನು ಮಡಿಸಿ, ಹಿಂದಿರುಗಿಸದೆ, ತನ್ನ ಕೈಚೀಲದಲ್ಲಿ ಇಟ್ಟುಕೊಂಡಳು.

"ಇದಕ್ಕಿಂತ ಮೇಲೆ ನಮ್ಮೂರಲ್ಲಿ ಇನ್ನೇನಿಲ್ಲ ಡಾಕ್ಟ್ರೇ," ಎಂದಳು. "ನನ್ನನ್ನ ನೋಡಿ ಇವನು ಹೀಗೆ ಅಂದಿದ್ದೂ ಒಂದೇ ಸಲ, ಮದುವೆ ದಿನ."